ಐರ್ಲೆಂಡಿನ ಕ್ಯಾಸಲ್ ಮದುವೆಗೆ ಫೋಟೋ ತೆಗೆಯಲು ಹೊರಟಿದ್ದೇನೆ, ಏನೇನು ನೋಡಿಕೊಳ್ಳಬೇಕು?

ಮೂರನೇ_ಕಣ್ಣು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಜಾಸ್ತಿ ಬೆಂಗಳೂರು, ಮಂಡ್ಯ, ಮೈಸೂರು ಕಡೆ. ಹೊರದೇಶದ ಮದುವೆ ಇದೇ ಮೊದಲು. ಹುಡುಗ ಜಯನಗರದವನು, ಬಾಸ್ಟನ್‌ನಲ್ಲಿ ಕೆಲಸ. ಹುಡುಗಿ ಅಲ್ಲಿಯವಳೇ, ಆದರೆ ಅವಳ ಅಜ್ಜಿಯ ಊರು ಐರ್ಲೆಂಡಿನ ಕ್ಲೇರ್ ಕೌಂಟಿ. ಅದಕ್ಕೇ ಮದುವೆ ಅಲ್ಲಿ. ಸೆಪ್ಟೆಂಬರ್ ಎರಡನೇ ವಾರ, ಹಳೇ ಕ್ಯಾಸಲ್ ಹೋಟೆಲ್ ಒಂದರಲ್ಲಿ. ತೊಂಬತ್ತು ಜನ. ನಮ್ಮ ಕಡೆಯ ಶಾಸ್ತ್ರವೆಲ್ಲ ಆಮೇಲೆ ಬೆಂಗಳೂರಿನಲ್ಲಿ.

ನನ್ನ ಪ್ಲಾನ್ ಹೀಗಿದೆ. ಸೆರಮನಿ ಮುಗಿದ ಕೂಡಲೇ ಜೋಡಿಯನ್ನು ಕರೆದುಕೊಂಡು ಕ್ಯಾಸಲ್ ಸುತ್ತ ಒಂದು ಗಂಟೆ ಪೋರ್ಟ್ರೇಟ್. ಆಮೇಲೆ ಕ್ಲಿಫ್ಸ್ ಆಫ್ ಮೋಹರ್ ಅನ್ನುವ ಕಡಲಂಚಿನ ಕಡಿದಾದ ಬಂಡೆಗಳ ಮೇಲೆ ಸೂರ್ಯಾಸ್ತ. ಒಂದು ಡ್ರೋನ್ ಶಾಟ್. ಹುಡುಗಿ ಕಳಿಸಿದ ಸ್ಯಾಂಪಲ್ ಫೋಟೋಗಳಲ್ಲೂ ಇವೇ ಇವೆ. ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಮಳೆಗೆ ಏನು ತಯಾರಿ? ಯಾವ ಲೆನ್ಸ್?

ಜಿಟಿಜಿಟಿ_ಮಳೆ (ಗಾಲ್ವೇ)

ಸಾರ್, ಮೊದಲು ಆ ಒಂದು ಗಂಟೆ ಪೋರ್ಟ್ರೇಟನ್ನು ಪ್ಲಾನ್‌ನಿಂದ ತೆಗೆದುಹಾಕಿ. ಲೆನ್ಸಿನ ಮಾತು ಆಮೇಲೆ.

ನಾನು ತೀರ್ಥಹಳ್ಳಿ ಕಡೆಯವನು. ಇಲ್ಲಿಗೆ ಬಂದು ಏಳು ವರ್ಷ. ವಾರದ ದಿನ ಬೇರೆ ಕೆಲಸ, ಉಳಿದಂತೆ ಮದುವೆ ಫೋಟೋ. ಮೊದಲ ಮದುವೆಯಲ್ಲಿ ನಾನೂ ನಿಮ್ಮ ಹಾಗೇ ಮಾಡಿದೆ. ಜೋಡಿಯನ್ನು ಕೆರೆ ದಂಡೆ, ಕಲ್ಲಿನ ಮೆಟ್ಟಿಲು, ಐವಿ ಬಳ್ಳಿ ಹಬ್ಬಿದ ಗೋಡೆ ಅಂತ ಐವತ್ತು ನಿಮಿಷ ಸುತ್ತಿಸಿದೆ. ವಾಪಸ್ ಬಂದಾಗ ಡ್ರಿಂಕ್ಸ್ ರಿಸೆಪ್ಷನ್ ಮುಗಿದಿತ್ತು. ಮದುಮಗಳ ದೊಡ್ಡಪ್ಪನೊಬ್ಬ ಹುಲ್ಲಿನ ಮೇಲೆ ಕೂತು ಕೊಳಲು ನುಡಿಸಿದ್ದನಂತೆ. ಮಕ್ಕಳು ಅವನ ಸುತ್ತ ಕುಣಿದಿದ್ದವಂತೆ. ನನ್ನ ಹತ್ತಿರ ಅದರ ಒಂದು ಫ್ರೇಮೂ ಇಲ್ಲ. ಮದುಮಗಳೂ ಅದನ್ನು ನೋಡಲಿಲ್ಲ. ನಾನೇ ಅವಳನ್ನು ಗೋಡೆ ಮುಂದೆ ನಿಲ್ಲಿಸಿಕೊಂಡಿದ್ದೆನಲ್ಲ!

ಇಲ್ಲಿಯ ದಿನ ಹೀಗಿರುತ್ತದೆ. ಮಧ್ಯಾಹ್ನ ಒಂದೂವರೆ-ಎರಡಕ್ಕೆ ಸೆರಮನಿ. ಮೂರರಿಂದ ಐದರವರೆಗೆ ಡ್ರಿಂಕ್ಸ್. ಐದೂವರೆಗೆ ಊಟಕ್ಕೆ ಕೂರುತ್ತಾರೆ. ಭಾಷಣ ಊಟಕ್ಕೆ ಮುಂಚೆ ಅಥವಾ ನಡುವೆ. ಒಂಬತ್ತರ ಹೊತ್ತಿಗೆ ಮೊದಲ ಡ್ಯಾನ್ಸ್, ಬ್ಯಾಂಡ್. ಆಮೇಲೆ ಡಿಜೆ. ಎಲ್ಲ ಮುಗಿಯಿತು ಅಂದುಕೊಂಡಾಗ ಹೋಟೆಲ್‌ನಲ್ಲಿ ಉಳಿದವರಿಗೆ ಮಾತ್ರ ತೆರೆದಿರುವ ರೆಸಿಡೆಂಟ್ಸ್ ಬಾರ್.

ನಮ್ಮಲ್ಲಿ ಜನ ಸ್ಟೇಜಿಗೆ ಬರುತ್ತಾರೆ. ಸಾಲು ನಿಲ್ಲುತ್ತಾರೆ, ಕ್ಯಾಮೆರಾ ನೋಡುತ್ತಾರೆ, ಹೋಗುತ್ತಾರೆ. ಇಲ್ಲಿ ಸ್ಟೇಜೇ ಇಲ್ಲ. ಮದುಮಕ್ಕಳೇ ಜನರ ನಡುವೆ ಓಡಾಡುತ್ತಾರೆ. ಆ ಎರಡು ಗಂಟೆ ಡ್ರಿಂಕ್ಸ್ ಹೊತ್ತಿನಲ್ಲೇ ಅರ್ಧ ಆಲ್ಬಮ್ ಇದೆ. ಗುಂಪು ಫೋಟೋಗೆ ಇಪ್ಪತ್ತು ನಿಮಿಷ, ಎಂಟು-ಹತ್ತು ಗುಂಪು ಸಾಕು. ಮೊದಲೇ ಪಟ್ಟಿ ಮಾಡಿ, ಜೋರು ಗಂಟಲಿನ ಒಬ್ಬ ನೆಂಟರ ಕೈಗೆ ಕೊಡಿ. ಐರಿಶ್ ಮನೆಗಳಲ್ಲಿ ಅಂಥವರಿಗೆ ಬರ ಇಲ್ಲ.

ರೀಲು_ರಾಯ (ಮೈಸೂರು)

ಜಿಟಿಜಿಟಿಯವರೇ, ನಿಮ್ಮ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಅಷ್ಟು ದುಡ್ಡು ಸುರಿದು ಕ್ಯಾಸಲ್‌ಗೆ ಹೋಗುವುದು ಯಾಕೆ? ಕ್ಯಾಸಲ್ ಫೋಟೋಗೆ ತಾನೇ? ನಾಳೆ ಆಲ್ಬಮ್ ತೆಗೆದಾಗ ಮದುಮಗಳ ಅಮ್ಮ ಕೇಳುವುದು "ಅರಮನೆ ಎಲ್ಲಪ್ಪಾ?" ಅಂತಲೇ. ಕೊಳಲು ಊದಿದ ದೊಡ್ಡಪ್ಪನನ್ನಲ್ಲ. ನಾನು ಫಿಲ್ಮ್ ಕಾಲದವನು. ಒಂದು ಮದುವೆಗೆ ಹತ್ತು ರೋಲ್. ಪೋಸ್ ಕೊಡಿಸಿ ತೆಗೆದ ಫೋಟೋನೇ ಇವತ್ತಿಗೂ ಗೋಡೆ ಮೇಲಿರುವುದು.

ಜಿಟಿಜಿಟಿ_ಮಳೆ (ಗಾಲ್ವೇ)

ರಾಯರೇ, ಕ್ಯಾಸಲ್ ಬೇಡ ಅಂದಿಲ್ಲ. ಮೂರು ಗಂಟೆಗೆ ಬೇಡ ಅಂದೆ.

ಗಾಲ್ವೇ ಇರುವುದು 53 ಡಿಗ್ರಿ ಉತ್ತರದಲ್ಲಿ. ಬೆಂಗಳೂರು 13. ಜೂನ್‌ನಲ್ಲಿ ಬೆಂಗಳೂರಲ್ಲಿ ಸೂರ್ಯ ಆರೂಮುಕ್ಕಾಲಿಗೆ ದಡಕ್ಕನೆ ಮುಳುಗುತ್ತಾನೆ. ಇಲ್ಲಿ ರಾತ್ರಿ ಹತ್ತು ದಾಟುತ್ತದೆ. ಅದೂ ಓರೆಯಾಗಿ, ಜಾರಿಕೊಂಡು ಇಳಿಯುತ್ತಾನೆ. ನಮ್ಮಲ್ಲಿ ಅರ್ಧ ಗಂಟೆಯೂ ಸಿಗದ ಚಿನ್ನದ ಬೆಳಕು ಇಲ್ಲಿ ಸುಮಾರು ಒಂದು ಗಂಟೆ ಸಿಗುತ್ತದೆ. ಮುಳುಗಿದ ಮೇಲೂ ಮುಕ್ಕಾಲು ಗಂಟೆ ಆಕಾಶ ಬೆಳ್ಳಗೇ ಇರುತ್ತದೆ.

ಹಾಗಾಗಿ ಜೂನ್ ಮದುವೆಯಾದರೆ ನಾನು ಜೋಡಿಯನ್ನು ಹೊರಗೆ ಕರೆಯುವುದು ಒಂಬತ್ತೂವರೆಗೆ. ಹತ್ತೇ ನಿಮಿಷ. ಅಷ್ಟು ಹೊತ್ತಿಗೆ ಟೈ ಸಡಿಲ ಆಗಿರುತ್ತದೆ, ಮದುಮಗಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿರುತ್ತಾಳೆ, ಒಂದೆರಡು ಗ್ಲಾಸ್ ಒಳಗೆ ಹೋಗಿರುತ್ತದೆ. ಪೋಸ್ ಹೇಳಿಕೊಡುವುದೇ ಬೇಡ. ಹಿಂದೆ ಕ್ಯಾಸಲ್ ಕಿಟಕಿಗಳಲ್ಲಿ ಹಳದಿ ದೀಪ, ಮೇಲೆ ತಿಳಿ ನೀಲಿ. ಮದುಮಗಳ ಅಮ್ಮ ಗೋಡೆಗೆ ಹಾಕಿಸುವುದು ಅದನ್ನೇ.

ಮೂರನೇ_ಕಣ್ಣು ಅವರಿಗೆ ಒಂದು ತೊಡಕಿದೆ. ಸೆಪ್ಟೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಸುಮಾರು ಎಂಟಕ್ಕೆ ಹತ್ತು ನಿಮಿಷ ಇದ್ದಾಗ. ಅಂದರೆ ಸರಿಯಾಗಿ ಊಟದ ಹೊತ್ತು. ಈಗಲೇ ಹೋಟೆಲಿನವರ ಹತ್ತಿರ ಮಾತಾಡಿ. ಮೇನ್ ಕೋರ್ಸ್ ತಟ್ಟೆ ಎತ್ತಿ ಸಿಹಿ ಬರುವುದರ ನಡುವೆ ಹತ್ತು-ಹದಿನೈದು ನಿಮಿಷ ಸಿಗುತ್ತದೆ. ಆಗ ಜೋಡಿಯನ್ನು ಹಿಂದಿನ ಬಾಗಿಲಿಂದ ಹೊರಗೆ ಕರೆದುಕೊಂಡು ಹೋಗಿ. ಜಾಗ ಮಧ್ಯಾಹ್ನವೇ ನೋಡಿಟ್ಟಿರಿ.

ಡಿಸೆಂಬರ್ ಮದುವೆ ಒಪ್ಪಿಕೊಂಡವರಿಗೂ ಹೇಳಿಬಿಡುತ್ತೇನೆ. ನಡು ಮಧ್ಯಾಹ್ನವೂ ಸೂರ್ಯ 13 ಡಿಗ್ರಿ ಎತ್ತರ ಮಾತ್ರ. ನಾಲ್ಕೂವರೆಗೆ ಕತ್ತಲು ಇಳಿಯುತ್ತಿರುತ್ತದೆ. ಸೆರಮನಿ ಎರಡಕ್ಕೆ ಇಟ್ಟರೆ ಗುಂಪು ಫೋಟೋ ಫ್ಲಾಶ್‌ನಲ್ಲೇ.

ಬೆಣ್ಣೆದೋಸೆ (ದಾವಣಗೆರೆ)

ಈ ಕ್ಯಾಸಲ್‌ಗಳೆಲ್ಲ ರಾಜರದ್ದಾ ಗುರು? ಒಂದು ಚಿಕ್ಕ ದೇಶದಲ್ಲಿ ಅಷ್ಟು ರಾಜರು?

ಜಿಟಿಜಿಟಿ_ಮಳೆ (ಗಾಲ್ವೇ)

ಇಲ್ಲ ಗುರು. ಕೆಲವು ನಿಜವಾದ ಕೋಟೆಗಳು. ಮೇಯೋ ಕೌಂಟಿಯ ಆಶ್‌ಫರ್ಡ್ ಕ್ಯಾಸಲ್‌ನ ಮೂಲ 1228ರದ್ದು. ಆಮೇಲೆ ಬಿಯರ್‌ನ ಗಿನ್ನೆಸ್ ಮನೆತನ ಅದನ್ನು ಬೆಳೆಸಿತು. ಆದರೆ ಹಲವು "ಕ್ಯಾಸಲ್"ಗಳು ಜಮೀನ್ದಾರರ ದೊಡ್ಡ ಮನೆಗಳು ಅಷ್ಟೇ.

ನಿನಗೆ ಇಷ್ಟವಾಗುವ ಸಂಗತಿ ಒಂದಿದೆ. ಗಾಲ್ವೇ ಕೌಂಟಿಯ ಕನ್ನೆಮಾರಾದಲ್ಲಿ ಬ್ಯಾಲಿನಹಿಂಚ್ ಕ್ಯಾಸಲ್ ಅಂತ ಇದೆ, ಈಗ ಹೋಟೆಲ್, ಮದುವೆಗಳೂ ನಡೆಯುತ್ತವೆ. 1924ರಲ್ಲಿ ಅದನ್ನು ಕೊಂಡವರು ನಮ್ಮ ರಣಜಿತ್ ಸಿಂಹಜಿ. ರಣಜಿ ಟ್ರೋಫಿಯ ರಣಜಿ! ಮೀನು ಹಿಡಿಯುವ ಹುಚ್ಚು ಅವರಿಗೆ. ಮುಂದೆ ಸಾಲ್ಮನ್ ಓಡಾಡುವ ಹೊಳೆ.

ಬೆಣ್ಣೆದೋಸೆ (ದಾವಣಗೆರೆ)

ಹಾಗಾದರೆ ಕರ್ನಾಟಕ ಟೀಮ್‌ಗೆ ಅಲ್ಲಿ ರೂಮ್ ಬಾಡಿಗೆಯಲ್ಲಿ ಡಿಸ್ಕೌಂಟ್ ಕೊಡಬೇಕು ಅಲ್ವಾ.

ಕಡಲತೀರ (ಮಂಗಳೂರು)

ಮಳೆ ವಿಷಯಕ್ಕೆ ಬನ್ನಿ ಮಾರಾಯ್ರೇ. ಆಗುಂಬೆ ಪಕ್ಕದವರಿಗೆ ಐರ್ಲೆಂಡ್ ಮಳೆ ಏನು ಮಹಾ?

ಜಿಟಿಜಿಟಿ_ಮಳೆ (ಗಾಲ್ವೇ)

ನಾನೂ ಬರುವಾಗ ಹಾಗೇ ಅಂದುಕೊಂಡಿದ್ದೆ. ಲೆಕ್ಕ ತೆಗೆದರೆ ಇಲ್ಲಿಯ ಮಳೆ ಆಗುಂಬೆಯ ಹತ್ತಿರಕ್ಕೂ ಬರುವುದಿಲ್ಲ. ಪಶ್ಚಿಮದ ಹಲವು ಕಡೆ ವರ್ಷಕ್ಕೆ 1000ದಿಂದ 1400 ಮಿಲಿಮೀಟರ್. ಆದರೆ ಅಷ್ಟನ್ನೇ ವರ್ಷಪೂರ್ತಿ ಹಂಚಿಕೊಂಡು ಸುರಿಯುತ್ತದೆ. ಪಶ್ಚಿಮದ ಕೆಲವು ಕಡೆ ವರ್ಷದಲ್ಲಿ 225 ದಿನ ಮಳೆ. ನಮ್ಮೂರಲ್ಲಿ ಜೂನ್‌ಗೆ ಶುರು, ದೀಪಾವಳಿ ಹೊತ್ತಿಗೆ ಕೊಡೆ ಅಟ್ಟಕ್ಕೆ. ಇಲ್ಲಿ ಕೊಡೆ ಅಟ್ಟ ಹತ್ತುವುದೇ ಇಲ್ಲ. ಹತ್ತು ನಿಮಿಷ ಮಳೆ, ಹತ್ತು ನಿಮಿಷ ಬಿಸಿಲು, ಮತ್ತೆ ಜಿಟಿಜಿಟಿ. ಅದಕ್ಕೆ ಇವರು "ಸಾಫ್ಟ್ ಡೇ" ಅಂತಾರೆ. ಮೈಯೆಲ್ಲ ಒದ್ದೆ, ಆದರೂ ಮಳೆ ಬಂತು ಅಂತ ಯಾರೂ ಒಪ್ಪುವುದಿಲ್ಲ.

ಫೋಟೋಗೆ ಮಳೆಗಿಂತ ಗಾಳಿಯ ಕಾಟ ಜಾಸ್ತಿ. ಸಮುದ್ರದ ಹತ್ತಿರ ಮದುಮಗಳ ವೇಲ್ ಪತಾಕೆ ಆಗುತ್ತದೆ. ಅವಳನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಕೂದಲು-ವೇಲ್ ಎರಡೂ ಹಿಂದೆ ಹೋಗುತ್ತವೆ. ಬೆನ್ನು ಕೊಟ್ಟರೆ ಮುಖವೇ ಕಾಣುವುದಿಲ್ಲ.

ನನ್ನ ದೊಡ್ಡ ತಪ್ಪೊಂದನ್ನು ಹೇಳುತ್ತೇನೆ, ನಗಬೇಡಿ. ಎರಡು ವರ್ಷದ ಹಿಂದೆ ಒಂದು ಮದುವೆ. ಹೊರಗೆ 11 ಡಿಗ್ರಿ, ತುಂತುರು. ಒಂದು ಗಂಟೆ ಹೊರಗೇ ಇದ್ದೆ. ಊಟದ ಹಾಲ್‌ಗೆ ಜೋಡಿ ಬರುವ ಹೊತ್ತಾಯಿತು ಅಂತ ಓಡಿ ಒಳಗೆ ಹೋದೆ. ಒಳಗೆ ದೊಡ್ಡ ಬೆಂಕಿಗೂಡು, ನೂರು ಜನರ ಉಸಿರು. ಬಾಗಿಲು ತೆರೆಯಿತು, ಜನ ಎದ್ದು ನ್ಯಾಪ್‌ಕಿನ್ ಗಾಳಿಯಲ್ಲಿ ತಿರುಗಿಸಿ ಕೂಗುತ್ತಿದ್ದಾರೆ. ನಾನು ಕ್ಯಾಮೆರಾ ಕಣ್ಣಿಗಿಟ್ಟರೆ ಹಾಲಿನ ಪಾತ್ರೆಯೊಳಗೆ ನೋಡಿದ ಹಾಗೆ! ತಣ್ಣಗಿದ್ದ ಗಾಜಿನ ಮೇಲೆ ಒಳಗಿನ ಬಿಸಿ ಆವಿ ಕೂತುಬಿಟ್ಟಿತ್ತು. ಒರೆಸಿದೆ, ಮತ್ತೆ ಕೂತಿತು. ಅವರ ಎಂಟ್ರಿ ಪೂರ್ತಿ ಹೋಯಿತು. ಮರುದಿನ ನೆಂಟರೊಬ್ಬರ ಫೋನ್ ವಿಡಿಯೋದಿಂದ ಎರಡು ಫ್ರೇಮ್ ಬೇಡಿ ತೆಗೆದುಕೊಂಡೆ. ಅವತ್ತಿನಿಂದ ಎರಡನೇ ಕ್ಯಾಮೆರಾ ಹಾಲ್‌ನಲ್ಲೇ, ಟೇಬಲ್ ಕೆಳಗೆ ಬ್ಯಾಗ್‌ನಲ್ಲಿ ಇರುತ್ತದೆ. ಹೊರಗಿನದು ಹೊರಗೆ, ಒಳಗಿನದು ಒಳಗೆ.

ಕಡಲತೀರ (ಮಂಗಳೂರು)

ಇದು ನಮಗೆ ದಿನಾ ಆಗುವುದೇ. ಆದರೆ ಉಲ್ಟಾ. ಎಸಿ ಕಾರಿನಿಂದ ಇಳಿದು ದೇವಸ್ಥಾನದ ಅಂಗಳಕ್ಕೆ ಬಂದರೆ ಲೆನ್ಸ್ ಬೆವರುತ್ತದೆ. ನಾವು ಕ್ಯಾಮೆರಾ ಡಿಕ್ಕಿಯಲ್ಲಿ ಇಡುತ್ತೇವೆ. ಬ್ಯಾಗಿಗೆ ಜಿಪ್ ಎಳೆದು ಅರ್ಧ ಗಂಟೆ ಮುಂಚೆಯೇ ಒಳಗಿಟ್ಟರೆ ನಿಧಾನಕ್ಕೆ ಬಿಸಿಯಾಗುತ್ತದೆ, ಹಬೆ ಕೂರುವುದಿಲ್ಲ.

ಕಾರ್ಕಿನ_ಅಕ್ಕ (ಕಾರ್ಕ್)

ನಾನು ಫೋಟೋಗ್ರಾಫರ್ ಅಲ್ಲ, ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಜೊತೆ ಕೆಲಸ ಮಾಡುವವರ ಮದುವೆಗೆ ಹೋಗಿ ಹೋಗಿ ಅಭ್ಯಾಸ ಆಗಿದೆ. ಮೂರನೇ ಕಣ್ಣು ಅವರೇ, ಹಿಂದಿನ ದಿನ ಅಜ್ಜಿ ಮನೆಗೆ ಹೋಗುವುದಾದರೆ ಹೊರಗೆ ಬೇಲಿ ಬುಡದಲ್ಲಿ ಒಂದು ಪುಟ್ಟ ಮೂರ್ತಿ ಇದೆಯಾ ನೋಡಿ. ಕಿರೀಟ ಇಟ್ಟ ಬಾಲ ಯೇಸು. ಚೈಲ್ಡ್ ಆಫ್ ಪ್ರಾಗ್ ಅಂತಾರೆ. ಮದುವೆ ಹಿಂದಿನ ರಾತ್ರಿ ಅದನ್ನು ಹೊರಗಿಟ್ಟರೆ ಮರುದಿನ ಮಳೆ ಬರುವುದಿಲ್ಲ ಅಂತ ನಂಬಿಕೆ. ತಲೆ ಮುರಿದಿದ್ದರೆ ಇನ್ನೂ ಒಳ್ಳೆಯದಂತೆ! ನನ್ನ ವಾರ್ಡಿನ ಹುಡುಗಿಯ ಮನೆಯ ಮೂರ್ತಿಗೆ ಮೂರು ಸಲ ಗಮ್ ಹಾಕಿ ತಲೆ ಅಂಟಿಸಿದ್ದರು.

ಇನ್ನೊಂದು. ಹುಡುಗನ ಅಮ್ಮ, ಚಿಕ್ಕಮ್ಮಂದಿರು ರೇಷ್ಮೆ ಸೀರೆಯಲ್ಲೇ ಬರುತ್ತಾರೆ ಅಲ್ವಾ? ಸೀರೆಗೆ ಹೊಂದುವ ಉಣ್ಣೆ ಶಾಲು ತರಲು ಈಗಲೇ ಹೇಳಿ. ಇಲ್ಲದಿದ್ದರೆ ಎಲ್ಲ ಫೋಟೋದಲ್ಲೂ ಮೈಸೂರು ಸಿಲ್ಕ್ ಮೇಲೆ ಜಿಪ್ ಜಾಕೆಟ್ ಇರುತ್ತದೆ. ಚೂಪು ಹಿಮ್ಮಡಿ ಚಪ್ಪಲಿ ಬೇಡ, ಒದ್ದೆ ಹುಲ್ಲಿನಲ್ಲಿ ಹೂತುಹೋಗುತ್ತದೆ.

ಬೆಣ್ಣೆದೋಸೆ (ದಾವಣಗೆರೆ)

ನಮ್ಮ ಕಡೆ ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡಿಸುತ್ತೇವೆ. ಅಲ್ಲಿ ಮದುವೆಗೆ ಮಳೆ ಬಾರದಿರಲಿ ಅಂತ ದೇವರನ್ನು ಬೇಲಿ ಬುಡದಲ್ಲಿ ನಿಲ್ಲಿಸುತ್ತಾರೆ. ಎರಡೂ ಕಡೆಯವರನ್ನು ಒಂದು ಸಲ ಕೂರಿಸಿ ಮಾತಾಡಿಸಬೇಕು.

ಮೂರನೇ_ಕಣ್ಣು (ಬೆಂಗಳೂರು)

ಅಕ್ಕಾ, ಬಹಳ ಉಪಕಾರ ಆಯಿತು. ಶಾಲಿನ ಮಾತು ಇವತ್ತೇ ಹೇಳುತ್ತೇನೆ. ಸೆರಮನಿಯಲ್ಲಿ "ಹ್ಯಾಂಡ್‌ಫಾಸ್ಟಿಂಗ್" ಇದೆ ಅಂತ ಶೆಡ್ಯೂಲ್‌ನಲ್ಲಿ ಬರೆದಿದ್ದಾರೆ. ಏನದು? ಮದುವೆ ಶನಿವಾರ. ಕ್ಯಾಸಲ್ ತೋಟದಲ್ಲಿ.

ಕಾರ್ಕಿನ_ಅಕ್ಕ (ಕಾರ್ಕ್)

ಇಬ್ಬರ ಕೈ ಸೇರಿಸಿ ರಿಬ್ಬನ್ ಅಥವಾ ಬಟ್ಟೆ ಸುತ್ತಿ ಗಂಟು ಹಾಕುತ್ತಾರೆ. ನಮ್ಮ ಮೂರು ಗಂಟಿನ ದೂರದ ನೆಂಟ ಅಂದುಕೊಳ್ಳಿ.

ಶನಿವಾರ ಅಂದರೆ ಸರ್ಕಾರಿ ರಿಜಿಸ್ಟ್ರಾರ್ ಬರುವುದಿಲ್ಲ, ಅವರದು ಸೋಮವಾರದಿಂದ ಶುಕ್ರವಾರ ಮಾತ್ರ. ಚರ್ಚಿನ ಪಾದ್ರಿ ಇರಬೇಕು, ಅಥವಾ ಧರ್ಮದ ಹಂಗಿಲ್ಲದೆ ಮದುವೆ ಮಾಡಿಸುವ ಹ್ಯೂಮನಿಸ್ಟ್ ಸಂಸ್ಥೆಯವರ ಥರ ಅಧಿಕಾರ ಇರುವವರು. 2012ರ ಕಾನೂನು ತಿದ್ದುಪಡಿ ಆದ ಮೇಲೆ ಅವರು ಮಾಡಿಸಿದ ಮದುವೆಯೂ ಕಾನೂನುಬದ್ಧ. ಮೂರು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಅಮೆರಿಕದಿಂದ ಬರುವವರು ಕೆಲವರು ಕಾಗದದ ಮದುವೆ ಅಲ್ಲೇ ಮುಗಿಸಿ ಇಲ್ಲಿ ಬರೀ ಸೆರಮನಿ ಮಾಡಿಕೊಳ್ಳುತ್ತಾರೆ. ಕೇಳಿ ತಿಳಿದುಕೊಳ್ಳಿ. ಕಾನೂನಿನ ಮದುವೆಯಾದರೆ ಕೊನೆಗೆ ಇಬ್ಬರು ಸಾಕ್ಷಿಗಳ ಜೊತೆ ಸಹಿ ಇರುತ್ತದೆ, ನಿಮಗೆ ಅದೂ ಒಂದು ಫೋಟೋ.

ಜಿಟಿಜಿಟಿ_ಮಳೆ (ಗಾಲ್ವೇ)

ಅಕ್ಕ ಹೇಳಿದ್ದು ಸರಿ. ಹ್ಯಾಂಡ್‌ಫಾಸ್ಟಿಂಗ್‌ಗೆ ಮುಂಚೆ ಸೆರಮನಿ ನಡೆಸುವವರನ್ನು ಭೇಟಿಯಾಗಿ ಎರಡು ಮಾತು ಹೇಳಿ. ಕೈಗಳನ್ನು ಎದೆ ಎತ್ತರಕ್ಕೆ ಹಿಡಿಯಲಿ. ಗಂಟು ಹಾಕುವಾಗ ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲಿ. ಇಲ್ಲದಿದ್ದರೆ ನಿಮಗೆ ಸಿಗುವುದು ಅವರ ಬೆನ್ನು ಮಾತ್ರ. ಚರ್ಚ್ ಆದರೆ ಪಾದ್ರಿಯ ಮಾತೇ ಕೊನೆ ಮಾತು. ಎಲ್ಲಿ ನಿಲ್ಲಬಹುದು, ಫ್ಲಾಶ್ ಹಾಕಬಹುದಾ, ಹಿಂದಿನ ದಿನವೇ ಕೇಳಿ.

ತೋಟದಲ್ಲಿ ಇನ್ನೊಂದು ಕಾಟ. ಹಸಿರು. ಸುತ್ತ ಹುಲ್ಲು, ಬಿಳಿ ಉಡುಪು, ಬಿಳಿ ಚರ್ಮ. ಗದ್ದೆ ಬದುವಿನ ಮೇಲೆ ಬಿಳಿ ಪಂಚೆಯವರನ್ನು ತೆಗೆದಿದ್ದೀರಾ? ಗಲ್ಲದ ಕೆಳಗೆಲ್ಲ ಹಸಿರು. ಕ್ಯಾಸಲ್ ಅಂಗಳದ ಜಲ್ಲಿ ಮೇಲೆ ನಿಲ್ಲಿಸಿ. ಕ್ಲೇರ್‌ನಲ್ಲಿ ಇನ್ನೂ ಒಳ್ಳೆಯ ಜಾಗ ಇದೆ, ಬರ್ರೆನ್. ಬೂದು ಸುಣ್ಣಕಲ್ಲಿನ ಬಯಲು, ಮೈಲಿಗಟ್ಟಲೆ. ಮೋಡದ ದಿನ ಕಲ್ಲೇ ರಿಫ್ಲೆಕ್ಟರ್ ಆಗಿ ಕೆಳಗಿಂದ ಬೆಳಕು ಕೊಡುತ್ತದೆ, ಬಣ್ಣ ಬೆರೆಸದೆ. ಕಲ್ಲಿನ ಬಿರುಕಿನಲ್ಲಿ ಹೂವಿರುತ್ತವೆ, ತುಳಿಯಬೇಡಿ, ಕೀಳಬೇಡಿ.

ಕ್ಲಿಫ್ಸ್ ಆಫ್ ಮೋಹರ್ ಮದುವೆ ದಿನ ಬೇಡವೇ ಬೇಡ. 214 ಮೀಟರ್ ಎತ್ತರ, ಬಸ್‌ಗಟ್ಟಲೆ ಜನ, ಮೇಲೆ ಹೇಳಿದ ಗಾಳಿ. ಅಪಘಾತಗಳಾಗಿ 2024ರಲ್ಲಿ ಅಂಚಿನ ಕಾಲುದಾರಿಯ ದೊಡ್ಡ ಭಾಗವನ್ನೇ ಮುಚ್ಚಿದ್ದರು. ಬೇಕೇ ಬೇಕು ಅಂದರೆ ಮರುದಿನ ಹೋಗಿ. ಇಲ್ಲಿ ಮದುವೆಗೆ "ಎರಡನೇ ದಿನ" ಅಂತ ಇರುತ್ತದೆ, ಪಬ್‌ನಲ್ಲೋ ಬಾರ್ಬೆಕ್ಯೂನಲ್ಲೋ ಎಲ್ಲರೂ ಮತ್ತೆ ಸೇರುತ್ತಾರೆ. ಅದಕ್ಕೆ ಮುಂಚೆ, ಬೆಳಿಗ್ಗೆ ಬೇಗ, ರೇಲಿಂಗ್ ಒಳಗೆ ನಿಂತು.

ಡ್ರೋನ್‌ಗೆ ಕ್ಯಾಮೆರಾ ಇದ್ದರೆ 250 ಗ್ರಾಂ ಒಳಗಿದ್ದರೂ ಐರಿಶ್ ಏವಿಯೇಷನ್ ಅಥಾರಿಟಿಯಲ್ಲಿ ಆಪರೇಟರ್ ಆಗಿ ನೋಂದಣಿ ಬೇಕು. 120 ಮೀಟರ್ ಮೇಲೆ ಹೋಗುವಂತಿಲ್ಲ. ಗುಂಪು ಸೇರಿದ ಜನರ ಮೇಲೆ ಹಾರಿಸುವಂತಿಲ್ಲ, ಅಂದರೆ ಸೆರಮನಿ ಮೇಲೆ ಖಂಡಿತ ಇಲ್ಲ. ನಾನು ತರುವುದನ್ನೇ ಬಿಟ್ಟೆ. ಆ ಜೇನುಹುಳದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ.

ರೀಲು_ರಾಯ (ಮೈಸೂರು)

ಒಂಬತ್ತೂವರೆ ಬೆಳಕಿನ ಮಾತು ಒಪ್ಪಿದೆ. ಒಳಗಿನ ಬೆಳಕು ಹೇಗೆ? ಭಾಷಣ ಅಂದಿರಿ. ಭಾಷಣದಲ್ಲಿ ಫೋಟೋ ಏನಿರುತ್ತದೆ, ಮೈಕ್ ಹಿಡಿದವನ ಬಾಯಿ?

ಜಿಟಿಜಿಟಿ_ಮಳೆ (ಗಾಲ್ವೇ)

ರಾಯರೇ, ನಾನು ಮೈಕ್ ಹಿಡಿದವನನ್ನು ಮೂರು ಫ್ರೇಮ್ ತೆಗೆದು ಬೆನ್ನು ಹಾಕುತ್ತೇನೆ. ಕೇಳುವವರ ಕಡೆ ತಿರುಗುತ್ತೇನೆ.

ಇಲ್ಲಿ ಬೆಸ್ಟ್ ಮ್ಯಾನ್, ಅಂದರೆ ಮದುಮಗನ ಆಪ್ತ ಗೆಳೆಯ, ಎಷ್ಟು ನಿಮಿಷ ಮಾತಾಡುತ್ತಾನೆ ಅಂತ ಬಾಜಿ ಕಟ್ಟುವುದುಂಟು. ಒಂದು ಸಲ ಒಂದು ಟೇಬಲ್‌ನಲ್ಲಿ ಆರಾಮಾಗಿ ಕೂತಿದ್ದ ಎಂಟು ಜನ, ತಲೆಗೆ ಐದು ಯೂರೋ. ಮೆನು ಕಾರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ಎದುರಿಗೆ ನಿಮಿಷ. ಮಧ್ಯೆ ಒಂದು ಫೋನ್, ಸ್ಟಾಪ್‌ವಾಚ್ ಓಡುತ್ತಿದೆ. ಹನ್ನೊಂದನೇ ನಿಮಿಷ ಬರುತ್ತಿದ್ದಂತೆ ಒಬ್ಬ ಹೆಂಗಸು ಜೋರಾಗಿ ಚಪ್ಪಾಳೆ ಶುರು ಮಾಡಿದಳು, ಮುಗಿಯಿತೇನೋ ಅನ್ನುವ ಹಾಗೆ. ಹದಿನಾಲ್ಕು ಬರೆದಿದ್ದ ಅವಳ ಗಂಡ ಅವಳ ಕೈ ಹಿಡಿದು ಕೆಳಗೆ ಎಳೆಯುತ್ತಿದ್ದಾನೆ. ಮದುಮಗಳು ಗಂಭೀರವಾಗಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಾಳೆ. ಮೂರೂ ಒಂದೇ ಫ್ರೇಮ್‌ನಲ್ಲಿ. 35 ಎಂಎಂ ಲೆನ್ಸ್, ಎಫ್ 2, ಐಎಸ್ಒ 5000.

ಒಳಗೆಲ್ಲ ಕಪ್ಪು ಮರದ ಹಲಗೆ, ಎತ್ತರದ ಕಪ್ಪು ಸೂರು. ಫ್ಲಾಶನ್ನು ಮೇಲಕ್ಕೆ ತಿರುಗಿಸಿದರೆ ಬೆಳಕು ವಾಪಸ್ಸೇ ಬರುವುದಿಲ್ಲ, ಬಂದರೂ ಕಂದು ಬಣ್ಣ ಹೊತ್ತು ಬರುತ್ತದೆ. ಎರಡು ಅಗಲ ಬಾಯಿಯ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ತನ್ನಿ. ಡ್ಯಾನ್ಸ್‌ಗೆ ಮಾತ್ರ ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ಒಂದು ಫ್ಲಾಶ್. ಕರೆಂಟ್ 50 ಹರ್ಟ್ಜ್, ನಮ್ಮಲ್ಲಿಯ ಹಾಗೇ. ಎಲ್ಇಡಿ ದೀಪದಿಂದ ಫೋಟೋದಲ್ಲಿ ಪಟ್ಟೆ ಬಂದರೆ 1/100 ಸೆಕೆಂಡ್ ಶಟರ್‌ಗೆ ಇಳಿಯಿರಿ.

ಇನ್ನು ರೆಸಿಡೆಂಟ್ಸ್ ಬಾರ್. ನಿಮ್ಮ ಒಪ್ಪಂದ ಮೊದಲ ಡ್ಯಾನ್ಸ್‌ಗೇ ಮುಗಿದಿದ್ದರೂ ಒಂದು ಕ್ಯಾಮೆರಾ ಹಿಡಿದು ಹೋಗಿ ಕೂರಿ. ಒಬ್ಬರು ಹಾಡುತ್ತಾರೆ, ವಾದ್ಯವೇ ಇಲ್ಲದೆ. ಅಷ್ಟು ಹೊತ್ತು ಕಿರುಚುತ್ತಿದ್ದ ರೂಮ್ ತಟಕ್ಕನೆ ಸುಮ್ಮನಾಗುತ್ತದೆ. ಹಾಡಿದವರಿಗೆ ಮುಂದಿನವರನ್ನು ಕರೆಯುವ ಹಕ್ಕು. "ನೋಬಲ್ ಕಾಲ್" ಅಂತಾರೆ. ಕರೆದ ಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ಸಲ ಎಂಬತ್ತು ದಾಟಿದ ಅಜ್ಜನೊಬ್ಬ ಹಾಡಿ ಮುಗಿಸಿ, ಗ್ಲಾಸ್ ಕೆಳಗಿಟ್ಟು, ಬೆರಳು ತೋರಿಸಿದ್ದು ನನ್ನ ಕಡೆ! ಶಾಲೆಯಲ್ಲಿ ಕಲಿತ ಜನಪದ ಹಾಡೊಂದು ನೆನಪಿತ್ತು. ಕಣ್ಣು ಮುಚ್ಚಿ ಹಾಡಿದೆ. ಎರಡನೇ ಚರಣಕ್ಕೆ ಮೇಜು ಬಡಿದು ತಾಳ ಹಾಕುತ್ತಿದ್ದರು. ಅದರ ಫೋಟೋ ನನ್ನ ಹತ್ತಿರ ಇಲ್ಲ. ಕ್ಯಾಮೆರಾ ಮದುಮಗಳ ಕೈಯಲ್ಲಿತ್ತು, ಅವಳು ಲೆನ್ಸ್ ಕ್ಯಾಪ್ ತೆಗೆದಿರಲಿಲ್ಲ.

ಕಡಲತೀರ (ಮಂಗಳೂರು)

😂 ಇದೊಂದಕ್ಕೇ ಈ ಚರ್ಚೆ ಸಾರ್ಥಕ ಆಯಿತು ಮಾರಾಯ್ರೇ.

ಮೂರನೇ_ಕಣ್ಣು (ಬೆಂಗಳೂರು)

ಪ್ಲಾನ್ ಹರಿದು ಹಾಕಿದೆ. ಹೊಸದು: ಡ್ರಿಂಕ್ಸ್ ಪೂರ್ತಿ ಜನರ ನಡುವೆ, ಗುಂಪು ಇಪ್ಪತ್ತು ನಿಮಿಷ, ಸಿಹಿಗೆ ಮುಂಚೆ ಹದಿನೈದು ನಿಮಿಷ ಹೊರಗೆ. ಬರ್ರೆನ್ ಮರುದಿನ. ಹುಡುಗಿಗೆ ಹೇಳಿದೆ, ಅವಳಿಗೇ ಖುಷಿ ಆಯಿತು. ಒಂದು ಗಂಟೆ ನಿಲ್ಲಬೇಕಲ್ಲ ಅಂತ ಅವಳಿಗೂ ಭಯ ಇತ್ತಂತೆ.

ಉಳಿದದ್ದು ವೀಸಾ. ನನ್ನ ಹತ್ತಿರ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಇದೆ, ಸಾಕಲ್ವಾ? ಬಂಧುಗಳ ಮದುವೆ ಅಂತ ಟೂರಿಸ್ಟ್ ಆಗಿ ಹೋಗು ಅಂತ ಏಜೆಂಟ್ ಹೇಳುತ್ತಿದ್ದಾನೆ.

ಕಾರ್ಕಿನ_ಅಕ್ಕ (ಕಾರ್ಕ್)

ಬೇಡ ತಮ್ಮಾ. ಐರ್ಲೆಂಡ್ ಶೆಂಗೆನ್‌ನಲ್ಲಿ ಇಲ್ಲ, ಪ್ರತ್ಯೇಕ ವೀಸಾ ಬೇಕು. ದುಡ್ಡು ಬೆಂಗಳೂರಲ್ಲೇ ಕೊಟ್ಟರೂ ಇಲ್ಲಿ ಮಾಡುವುದು ಕೆಲಸವೇ. ಎರಡು ಕ್ಯಾಮೆರಾ, ಆರು ಲೆನ್ಸ್ ಹೊತ್ತು ಬಂದು "ನೆಂಟ" ಅಂದರೆ ಡಬ್ಲಿನ್ ಇಮಿಗ್ರೇಷನ್‌ನಲ್ಲಿ ಯಾರು ನಂಬುತ್ತಾರೆ? ಏನು ಕೆಲಸ, ಎಷ್ಟು ದಿನ ಅಂತ ನಿಜ ಬರೆದು, ಅದಕ್ಕೆ ಯಾವ ಅನುಮತಿ ಬೇಕು ಅಂತ ಅವರನ್ನೇ ಕೇಳಿ.

ರೀಲು_ರಾಯ (ಮೈಸೂರು)

ಹೊರಡುವಾಗ ನಮ್ಮ ಏರ್‌ಪೋರ್ಟ್‌ನ ಕಸ್ಟಮ್ಸ್‌ನಲ್ಲಿ ಕ್ಯಾಮೆರಾಗಳ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬಂದಾಗ ಅಲ್ಲೇ ಕೊಂಡದ್ದು ಅಂತ ಸುಂಕ ಕೇಳುತ್ತಾರೆ. ನನ್ನ ಶಿಷ್ಯನೊಬ್ಬ ಎರಡು ಗಂಟೆ ಕೂತಿದ್ದ.

ಮೂರನೇ_ಕಣ್ಣು (ಬೆಂಗಳೂರು)

ರಾಯರೇ, ಅಕ್ಕಾ, ಇಬ್ಬರಿಗೂ ಥ್ಯಾಂಕ್ಸ್. ಏಜೆಂಟ್‌ನ ಬಿಟ್ಟೆ. ಕೊನೇ ಪ್ರಶ್ನೆ. ಚಾರ್ಜರ್‌ಗಳಿಗೆ ನಮ್ಮ ಪಿನ್ ಹಿಡಿಸುತ್ತದಾ?

ಜಿಟಿಜಿಟಿ_ಮಳೆ (ಗಾಲ್ವೇ)

ಇಲ್ಲ. ಬ್ರಿಟನ್ ಥರ ಮೂರು ಚಪ್ಪಟೆ ಪಿನ್. ವೋಲ್ಟೇಜ್ ನಮ್ಮದೇ, 230. ಒಂದೇ ಅಡಾಪ್ಟರ್ ಕೊಳ್ಳಿ, ಮನೆಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ತನ್ನಿ. ಹಳೇ ಕ್ಯಾಸಲ್ ರೂಮ್‌ಗಳಲ್ಲಿ ಪ್ಲಗ್ ಪಾಯಿಂಟ್ ಮಂಚದ ಹಿಂದೆ ಒಂದೇ ಇರುತ್ತದೆ. ಮತ್ತೆ ಒಂದು ಹಾಡು ಬಾಯಿಪಾಠ ಮಾಡಿಕೊಂಡು ಬನ್ನಿ.